ಎಡಿತ್ ಕೇಳಿದ್ದು, ಅವ್ವ ಕೇಳಿದ್ದು

ಬೆಟಗೇರಿ

ನಾನು ಮೊದಲು ನೋಡಿದ ಪರದೇಶ ಲಕ್ಷ್ಮೇಶ್ವರ. ನಗಬೇಡಿ. ನಾನು ಸಣ್ಣವಳಿದ್ದಾಗ ಬೆಟಗೇರಿಯ ನಮ್ಮ ಮನೆ ಇಂಗ್ಲಿಷರ ಮುಂಬಯಿ ಇಲಾಖೆಯಲ್ಲಿತ್ತು. ಲಕ್ಷ್ಮೇಶ್ವರದ ಅಜ್ಜಿಯ ಮನೆ ಒಬ್ಬ ರಾಜರ ಸಂಸ್ಥಾನದಲ್ಲಿ, ಶಿರಹಟ್ಟಿಯ ಸೋದರತ್ತೆಯ ಮನೆ ಇನ್ನೊಬ್ಬ ರಾಜರ ಸಂಸ್ಥಾನದಲ್ಲಿ. ಸೋದರಮಾವ ಇದ್ದ ಮುಂಡರಗಿ ನಮ್ಮ ಕಡೆಯದೇ ಆದರೂ ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ನಿಜಾಮರ ರಾಜ್ಯ. ಎಲ್ಲ ಕಡೆಯೂ ಅದೇ ಜೋಳದ ರೊಟ್ಟಿ, ಅದೇ ಮಾತು, ಅದೇ ಎರೆಮಣ್ಣು. ಆದರೂ ನಡುವೆ ನಮ್ಮ ಎತ್ತಿನ ಚಕ್ಕಡಿ ನಿಲ್ಲುತ್ತಿತ್ತು. ಸಿಪಾಯಿಯೊಬ್ಬ ಬಂದು ಅವ್ವನ ಗಂಟು ಬಿಚ್ಚಿಸಿ ಒಳಗೆ ಏನಿದೆ ಎಂದು ಕೈಹಾಕಿ ನೋಡುತ್ತಿದ್ದ. ಗಡಿ ಎಂದರೆ ನೆಲದ ಮೇಲಿರುವ ಗೆರೆ ಎಂದು ನಾನು ಬಹಳ ದಿನ ತಿಳಿದು, ಚಕ್ಕಡಿಯಿಂದ ಬಗ್ಗಿ ಹುಡುಕುತ್ತಿದ್ದೆ.

ನನ್ನ ತಮ್ಮ ಬಸು ಆ ಗೆರೆಯನ್ನು ನಿಜವಾಗಿ ದಾಟಿದವನು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ನಿಜಾಮರ ಸೀಮೆಗೆ ಮಾತ್ರ ಬರಲಿಲ್ಲ. ಆ ಕಡೆಯ ಹಳ್ಳಿಗಳಿಂದ ಜನ ಮಕ್ಕಳುಮರಿ ಕಟ್ಟಿಕೊಂಡು ಮುಂಡರಗಿಗೆ, ಗದಗಿಗೆ ಓಡಿ ಬಂದರು. ಬಸು ಕಾಲೇಜು ಬಿಟ್ಟು ಮುಂಡರಗಿಯ ಕಡೆ ನಿಜಾಮರ ವಿರುದ್ಧ ಹುಡುಗರು ಕಟ್ಟಿದ್ದ ಶಿಬಿರ ಸೇರಿದ. ಗಡಿ ದಾಟಿ ಹೋಗುತ್ತಿದ್ದ, ಬರುತ್ತಿದ್ದ. ಅಲ್ಲಿ ಏನು ಮಾಡಿದ, ಏನು ನೋಡಿದ ಎಂಬುದನ್ನು ನಮಗೆ ಎಂದೂ ಹೇಳಲಿಲ್ಲ. ಹೈದರಾಬಾದು ಭಾರತಕ್ಕೆ ಸೇರಿದ ಮೇಲೆ ಮನೆಗೆ ಬಂದವನು ಬೇರೆಯೇ ಹುಡುಗನಾಗಿದ್ದ. ಗೋಡೆಗೆ ಮುಖಮಾಡಿ ಕೂಡುತ್ತಿದ್ದ. ಹತ್ತಿ ಬಿಡಿಸುವ ಜಿನ್ನಿನ ಯಂತ್ರದ ಸದ್ದು ಕೇಳಿದರೆ ಅಡಿಗೆಮನೆಗೆ ಬಂದು ಅವ್ವನ ಸೆರಗು ಹಿಡಿಯುತ್ತಿದ್ದ. ಮೀಸೆ ಬಂದ ಮಗ.

ಒಂದು ಮಳೆಗಾಲದಲ್ಲಿ ಮಾವನ ಮನೆಗೆ ಹೋಗಿ ಬರುತ್ತೇನೆಂದು ಹೇಳಿ ಹೊರಟ. ಮಾವನ ಮನೆ ಮುಟ್ಟಲಿಲ್ಲ. ಸಿಂಗಟಾಲೂರಿನ ಹತ್ತಿರ ಹೊಳೆದಂಡೆಯ ಮೇಲೆ ಅಂಥ ಹುಡುಗನೊಬ್ಬ ನಿಂತದ್ದನ್ನು ದನ ಕಾಯುವವರು ನೋಡಿದ್ದರಂತೆ. ತುಂಗಭದ್ರೆ ತುಂಬಿ ಹರಿಯುತ್ತಿದ್ದಳು. ಅಪ್ಪ, ಮಾವ ಹೊಳೆಯ ಎರಡೂ ದಂಡೆ ಹುಡುಕಿದರು. ಹೆಣ ಸಿಗಲಿಲ್ಲ.

“ಹೆಣ ನೋಡದ ಹೆಂಗ ಅಳ್ಲಿ?” ಅಂದಳು ಅವ್ವ. ಅಳಲಿಲ್ಲ. ಅಪ್ಪ ಮುಂದಿನ ಕಾರ್ಯದ ಮಾತೆತ್ತಿದಾಗ ಎದ್ದು ಒಳಗೆ ಹೋದಳು. ಅಂದಿನಿಂದ ನಮ್ಮ ಮನೆಯಲ್ಲಿ ಬಸು ಸತ್ತವನೂ ಅಲ್ಲ, ಇದ್ದವನೂ ಅಲ್ಲ. ಊಟಕ್ಕೆ ಕೂತಾಗ ಅವನ ಗಂಗಾಳವನ್ನು ಅವ್ವ ಒರೆಸಿ ಇಡುತ್ತಿದ್ದಳು. ಯಾರೂ ಏನೂ ಅನ್ನುತ್ತಿರಲಿಲ್ಲ.

ನಾನಾಗ ಧಾರವಾಡದಲ್ಲಿ ಮನಃಶಾಸ್ತ್ರದ ಪಾಠ ಹೇಳುತ್ತಿದ್ದೆ. ಇಂಗ್ಲೆಂಡಿನ ಉತ್ತರ ಭಾಗದ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಒಂದು ವರ್ಷ ತರಬೇತಿಗೆ ಕರೆ ಬಂತು. ಗುಳಿಗೆ ಬರೆದುಕೊಡುವ ಡಾಕ್ಟರಾಗಲಿಕ್ಕಲ್ಲ. ಮನಸ್ಸು ನೊಂದವರೆದುರು ಕೂತು, ಅವರನ್ನು ಅರಿತು, ಮಾತಿನಿಂದ ಆದಷ್ಟು ಆಸರೆಯಾಗುವ ಕೆಲಸ ಕಲಿಯಲಿಕ್ಕೆ. ಮದುವೆಯಾಗದ ಮಗಳು ಒಬ್ಬಳೇ ಹಡಗು ಹತ್ತುವುದಕ್ಕೆ ಅಪ್ಪ ಒಪ್ಪಿಕೊಳ್ಳಲಿಕ್ಕಿಲ್ಲ ಎಂದುಕೊಂಡಿದ್ದೆ. ಆದರೆ ಅವ್ವನೇ ಮೊದಲು ಮಾತಾಡಿದಳು.

“ಹೋಗಲಿ ಬಿಡ್ರಿ. ಬಸೂನಂಥವ್ರಿಗೆ ಅಲ್ಲೆ ಏನೋ ಮದ್ದು ಗೊತ್ತೈತಿ ಅಂತಲ್ಲ.” ನನ್ನ ಕಡೆ ತಿರುಗಿ, “ಅವ ಬರೂದ್ರೊಳಗ ಕಲ್ತು ಬಂದ್ಬಿಡವಾ ಶಾಂತಾ” ಅಂದಳು.

ಹಡಗು

ಹಡಗಿನ ಬಗ್ಗೆ ಹೆಚ್ಚು ಹೇಳುವಂತಿಲ್ಲ, ಬಹುಪಾಲು ನಾನು ಮಲಗಿಯೇ ಇದ್ದೆ. ಏಡನ್ ದಾಟಿದ ಮೇಲೆ ತಲೆ ಎತ್ತಿ ನೋಡಿದರೆ ಸುತ್ತಲೂ ನೀರು. ಹೊಳೆಗೆ ಎರಡು ದಂಡೆಯಾದರೂ ಇರುತ್ತವೆ, ಹುಡುಕುವವರಿಗೆ ಅಷ್ಟು ಆಸೆ. ಇಲ್ಲಿ ಅದೂ ಇಲ್ಲ ಎಂದು ಅನ್ನಿಸಿ ಮತ್ತೆ ಒಳಗೆ ಹೋಗಿ ಮಲಗಿದೆ.

ಅವ್ವ ಕಟ್ಟಿಕೊಟ್ಟ ಶೇಂಗಾಚಟ್ನಿಯ ಡಬ್ಬಿ ದಾರಿಯಲ್ಲಿ ಬಾಯಿಬಿಟ್ಟಿತ್ತು. ಟ್ರಂಕಿನ ತುಂಬ ಬೆಳ್ಳುಳ್ಳಿ, ಖಾರ, ಎಣ್ಣೆ. ಸೀರೆ-ಪತ್ತಲಗಳನ್ನು ಎಷ್ಟು ಝಾಡಿಸಿದರೂ ವಾಸನೆ ಹೋಗಲಿಲ್ಲ. ಇಂಗ್ಲೆಂಡಿನ ನೆಲದ ಮೇಲೆ ನಾನು ಕಾಲಿಟ್ಟದ್ದು ಅಪ್ಪಟ ಬೆಟಗೇರಿಯ ಅಡಿಗೆಮನೆಯಾಗಿ.

ಆಸ್ಪತ್ರೆಯ ಊರು

ಊರಿನ ಹೆಸರು ಬೇಡ. ಹೊಗೆ ಕುಡಿದು ಕಪ್ಪಾದ ಇಟ್ಟಿಗೆಯ ಊರು, ನೂಲಿನ ಗಿರಣಿಗಳ ಊರು. ಗದಗಿನ ಸೀಮೆಯ ಹತ್ತಿಯೂ ಒಂದು ಕಾಲದಲ್ಲಿ ಇಂಥ ಊರಿಗೇ ಬಂದಿರಬೇಕು. ಮಧ್ಯಾಹ್ನವೇ ಸಂಜೆಯಾಗುತ್ತಿತ್ತು. ಸೂರ್ಯ ಇದ್ದಾನೆಂದು ಎಲ್ಲರೂ ಹೇಳುತ್ತಿದ್ದರು, ನನಗೆ ಕಾಣುತ್ತಿರಲಿಲ್ಲ. ಹಿಮವನ್ನು ಚಿತ್ರದಲ್ಲಿ ನೋಡಿ ಬೆಳ್ಳಗಿರುತ್ತದೆ ಅಂದುಕೊಂಡಿದ್ದೆ. ಮರುದಿನವೇ ಅದು ಕರಗಿ, ಮಸಿಯೊಂದಿಗೆ ಕಲೆತು, ಮಳೆಗಾಲದ ಕುರ್ತಕೋಟಿ ದಾರಿಯ ಎರೆಯಂತೆ ಬೂಟು ಹಿಡಿದು ಎಳೆಯುತ್ತಿತ್ತು.

ನಾನು ಇಳಿದುಕೊಂಡ ಮನೆಯ ಒಡತಿ ಮಿಸೆಸ್ ಡಾಬ್ಸನ್. ವಯಸ್ಸಾದವಳು, ಒಳ್ಳೆಯವಳು. ಮೊದಲ ದಿನ ನನ್ನ ಪತ್ತಲದ ವಾಸನೆಗೆ ಅವಳ ನಾಯಿ ಸೀನುತ್ತಾ ಮೆಟ್ಟಿಲು ಹತ್ತಿ ಓಡಿತು. ಅವಳು ಮಾತ್ರ ಏನೂ ಆಗದವಳಂತೆ ಕಿಟಕಿ ತೆರೆದು, “ಇವತ್ತು ಗಾಳಿ ಚೆನ್ನಾಗಿದೆ” ಅಂದಳು. ಹೊರಗೆ ಮಂಜು ಸುರಿಯುತ್ತಿತ್ತು.

ಅಲ್ಲಿಯ ಜನರ ರೀತಿಯೇ ಅದು. ಕಾಲು ತುಳಿದವನಿಗೆ ತುಳಿಸಿಕೊಂಡವನೇ ಕ್ಷಮೆ ಕೇಳುತ್ತಾನೆ. ರೈಲಿನಲ್ಲಿ ಎದುರುಬದುರು ಕೂತು ಒಬ್ಬರೂ ಮಾತಾಡುವುದಿಲ್ಲ. ನಮ್ಮ ಗದಗ–ಹುಬ್ಬಳ್ಳಿ ಗಾಡಿಯಲ್ಲಿ ಅಣ್ಣಿಗೇರಿ ಬರುವುದರೊಳಗೆ ಎದುರಿನವರ ಮಗಳ ಹೆರಿಗೆ, ಅಳಿಯನ ಕುಡಿತ, ಹೊಲದ ತಂಟೆ ಎಲ್ಲ ಗೊತ್ತಾಗಿರುತ್ತದೆ. ಇಲ್ಲಿ ಮಿಸೆಸ್ ಡಾಬ್ಸನ್ನಳಿಗೆ ಯುದ್ಧದಲ್ಲಿ ಸತ್ತ ಗಂಡನಿದ್ದ ಎಂಬುದು ನನಗೆ ತಿಳಿದದ್ದು ನಾನು ಬಂದು ಎಷ್ಟೋ ದಿನಗಳ ಮೇಲೆ. ಗೋಡೆಯ ಪಟ ಯಾರದೆಂದು ಕೇಳಿದಾಗ ಒಂದೇ ಮಾತಿನಲ್ಲಿ ಹೇಳಿ, ಇನ್ನೊಂದು ಕಪ್ ಚಹಾ ಬಗ್ಗಿಸಿದಳು. ನಮ್ಮಲ್ಲಾಗಿದ್ದರೆ ಓಣಿಯ ಹೆಂಗಸರೆಲ್ಲ ಬಂದು ಕೊರಳು ತಬ್ಬಿ ಅತ್ತು, ಸತ್ತವನ ಗುಣವನ್ನೆಲ್ಲ ಹಾಡಿ ಹೇಳಿ, ಅಳದವಳನ್ನೂ ಅಳಿಸಿ ಹೋಗುತ್ತಿದ್ದರು. ಈ ಜನ ದುಃಖವನ್ನು ಎಲ್ಲಿ ಇಟ್ಟುಕೊಳ್ಳುತ್ತಾರೆ ಎಂದು ಯೋಚಿಸುತ್ತಿದ್ದೆ. ಒಂದಿಷ್ಟು ಪಾಲು ಊರಾಚೆ ಗುಡ್ಡದ ಮೇಲಿದ್ದ ಆಸ್ಪತ್ರೆಯ ದೊಡ್ಡ ಕಟ್ಟಡದಲ್ಲಿತ್ತು. ನಾನು ಕಲಿಯಲು ಬಂದದ್ದು ಅಲ್ಲಿಗೇ.

ಶುಕ್ರವಾರದ ಕೋಣೆ

ರೋಗಿಯ ಬುದ್ಧಿ, ನೆನಪು, ಭಯ ಇವುಗಳನ್ನೆಲ್ಲ ಅಳೆಯುವ ಪರೀಕ್ಷೆಗಳನ್ನು ಬೇಗ ಕಲಿತೆ. ಪರೀಕ್ಷೆ ನಮ್ಮವರಿಗೆ ಹೊಸದಲ್ಲ. ಹೊಸದಾಗಿದ್ದದ್ದು ಶುಕ್ರವಾರ. ಆ ಮಧ್ಯಾಹ್ನ ತರಬೇತಿಯವರೆಲ್ಲ ಒಂದು ಸಣ್ಣ ಕೋಣೆಯಲ್ಲಿ ದುಂಡಗೆ ಕೂಡಬೇಕು. ನಮ್ಮ ಗುರು ಡಾಕ್ಟರ್ ಪ್ರಿಚರ್ಡ್, ಕೂದಲು ನರೆತ, ಕುಳ್ಳ, ಸದಾ ತಣ್ಣಗಾದ ಪೈಪು ಕಚ್ಚಿಕೊಂಡಿರುವ ಮನುಷ್ಯ. ರೋಗಿ ಹೇಗಿದ್ದಾನೆ ಎಂದು ಅವರು ಕೇಳುತ್ತಿರಲಿಲ್ಲ. “ಈ ವಾರ ನಿಮ್ಮ ರೋಗಿ ನಿಮ್ಮೊಳಗೆ ಏನನ್ನು ಎಬ್ಬಿಸಿದ?” ಎಂದು ಕೇಳುತ್ತಿದ್ದರು.

ಮೊದಲ ಸಲ ನನ್ನ ಸರದಿ ಬಂದಾಗ ಪುಸ್ತಕದ ಉತ್ತರ ಕೊಟ್ಟೆ. ಅವರು ಕೇಳಿ, “ಇದು ಪುಸ್ತಕಕ್ಕೆ ಅನ್ನಿಸಿದ್ದು. ನಿಮಗೆ?” ಅಂದರು. ನನಗೇನೂ ಅನ್ನಿಸಿಲ್ಲ ಅಂದೆ. ಅವರು ಮುಂದಿನವರ ಕಡೆ ತಿರುಗಿದರು.

ಮುಂದಿನವನು ಪೀಟರ್, ಯುದ್ಧದಲ್ಲಿ ಸಿಪಾಯಿಯಾಗಿದ್ದವನು. ಅವನು ತನ್ನ ಬೂಟು ನೋಡುತ್ತಾ, “ನನಗೆ ಆ ಮನುಷ್ಯನ ಮೇಲೆ ಹೇಸಿಗೆ. ಅವನು ಅಳುವಾಗ ಕಪಾಳಕ್ಕೆ ಹೊಡೆಯಬೇಕು ಅನ್ನಿಸುತ್ತದೆ” ಅಂದ.

ನಾನು ಬೆಚ್ಚಿಬಿದ್ದೆ. ಈಗ ಇವನನ್ನು ಹೊರಗೆ ಹಾಕುತ್ತಾರೆ ಅಂದುಕೊಂಡೆ. ಪ್ರಿಚರ್ಡ್ ಬೈಯಲಿಲ್ಲ. “ಅಳುವ ಗಂಡಸರನ್ನು ಮೊದಲು ಎಲ್ಲಿ ನೋಡಿದಿರಿ, ಪೀಟರ್?” ಎಂದು ಮೆಲ್ಲಗೆ ಕೇಳಿದರು. ಪೀಟರ್ ಯುದ್ಧದ ಒಂದು ಕಂದಕದ ಕಥೆ ಹೇಳಿದ. ಮರುವಾರ ಅವನು ಆ ರೋಗಿಯೊಂದಿಗೆ ತೋಟದಲ್ಲಿ ನಡೆದಾಡುತ್ತಿದ್ದುದನ್ನು ಕಂಡೆ.

ಅದು ಒಳ್ಳೆಯ ಪದ್ಧತಿ ಎಂದು ನನಗೆ ಅಂದೇ ಅನ್ನಿಸಿತು, ಇಂಗ್ಲಿಷರಿಗೆ. ಅವರು ಮನೆಯಲ್ಲಿ ಮಾತಾಡುವುದಿಲ್ಲ, ಅದಕ್ಕೆ ಒಂದು ಕೋಣೆ ಬೇಕು. ನಾವು ಮಾತಾಡುವ ಜನ, ನನಗೆ ಇದು ಬೇಡ. ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಸುವಿನ ಹೆಸರು ಆ ಕೋಣೆಯಲ್ಲಿ ನನ್ನ ಬಾಯಿಂದ ಬರಲಿಲ್ಲ.

ಎಡಿತ್

ಚಳಿಗಾಲದಲ್ಲಿ ನನಗೆ ಒಬ್ಬ ಹೆಂಗಸನ್ನು ಒಪ್ಪಿಸಿದರು. ಆಕೆಯ ನಿಜವಾದ ಹೆಸರು ಬೇರೆ, ಇಲ್ಲಿ ಎಡಿತ್ ಅನ್ನುತ್ತೇನೆ. ಗಿರಣಿಯಲ್ಲಿ ದುಡಿದ ಅಗಲವಾದ ಕೈಗಳು, ಒತ್ತಿ ಬಾಚಿದ ಬೆಳ್ಳಗಿನ ಕೂದಲು. ಒಬ್ಬನೇ ಮಗ ಟಾಮ್ ಯುದ್ಧದ ಸಮಯದಲ್ಲಿ ಹಡಗಿನೊಂದಿಗೆ ಸಮುದ್ರದಲ್ಲಿ ಮುಳುಗಿದ್ದ. ಸರಕಾರದ ತಂತಿ ಬಂದಿತ್ತು, ಹೆಣ ಬಂದಿರಲಿಲ್ಲ. ಎಡಿತ್ ತಂತಿಯನ್ನು ನಂಬಲಿಲ್ಲ. ಮೊದಲು ಬಂದರಿಗೆ, ಆಮೇಲೆ ರೈಲು ನಿಲ್ದಾಣಕ್ಕೆ ದಿನಾ ಹೋಗಿ ಕಾಯತೊಡಗಿದಳು. ಕೆಲಸ ಹೋಯಿತು, ಮನೆ ಹೋಯಿತು. ಕೊನೆಗೆ ಗುಡ್ಡದ ಮೇಲಕ್ಕೆ ಬಂದಳು.

ಆಕೆಯೊಂದಿಗೆ ವಾರಕ್ಕೆ ಕೆಲವು ಸಲ ಕೂಡುವುದು ನನ್ನ ಕೆಲಸ. ಆಕೆಯ ನಂಬಿಕೆಯನ್ನು ಮುರಿಯಲೂಬಾರದು, ಒತ್ತಿ ಬೆಳೆಸಲೂಬಾರದು. ಮಗನ ನೆನಪುಗಳನ್ನು ಕೇಳುತ್ತಾ, ಆಕೆಯೇ ಸಾವಿನ ಹತ್ತಿರ ತನ್ನ ಹೆಜ್ಜೆಯಲ್ಲಿ ಬರುವಂತೆ ಜೊತೆಗಿರಬೇಕು. ಹೇಳಲು ಸುಲಭ.

ಎಡಿತ್ ನನ್ನನ್ನು ಬಹಳ ಹಚ್ಚಿಕೊಂಡಳು. ನನ್ನ ಪತ್ತಲದ ಅಂಚನ್ನು ಬೆರಳಿನಿಂದ ತಿಕ್ಕಿ, ನೂಲು ಯಾವ ನಂಬರಿನದೆಂದು ಹೇಳುತ್ತಿದ್ದಳು. ನಾನು ಬೆಟಗೇರಿಯ ನೇಕಾರರ ಓಣಿಯ ಬಗ್ಗೆ ಹೇಳುತ್ತಿದ್ದೆ. ಟಾಮ್ ಗಂಜಿಯನ್ನು ಹೇಗೆ ಸಕ್ಕರೆ ಇಲ್ಲದೆ ತಿನ್ನುತ್ತಿರಲಿಲ್ಲ, ಹೇಗೆ ಸಿಳ್ಳೆ ಹಾಕಿ ಬೈಸಿಕೊಳ್ಳುತ್ತಿದ್ದ ಎಂದು ಆಕೆ ಹೇಳುವಾಗ ನಾನು ಕೇಳುತ್ತಾ ಕೂಡುತ್ತಿದ್ದೆ. ಹೊರಟು ನಿಂತಾಗ ನನ್ನ ಮೈಯೆಲ್ಲ ಭಾರವಾಗಿರುತ್ತಿತ್ತು. ಶುಕ್ರವಾರ ಮಾತ್ರ, “ಎಡಿತ್ ಸಹಕರಿಸುತ್ತಿದ್ದಾಳೆ” ಎಂದು ಹೇಳುತ್ತಿದ್ದೆ.

ಒಂದು ದಿನ ಆಕೆ ಮಾತಿನ ನಡುವೆ ನಿಲ್ಲಿಸಿ ನನ್ನ ಮುಖ ನೋಡಿದಳು. “ನೀವು ಓದಿದವರು. ನಿಮಗೆ ಗೊತ್ತಿರುತ್ತದೆ. ಅವನು ಬರುತ್ತಾನಲ್ಲವೇ?”

ನಾನು ಬಾಯಿಂದ ಏನೂ ಹೇಳಲಿಲ್ಲ. ನಾವು ಆಡಿಸುತ್ತೇವಲ್ಲ, ಹಾಗೆ ತಲೆಯನ್ನು ಆ ಕಡೆ ಈ ಕಡೆ ವಾಲಿಸಿದೆ. ಎಡಿತ್ ನನ್ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಆಕೆಯ ಹಣೆ ಬೆಚ್ಚಗಿತ್ತು.

ರೈಲು ನಿಲ್ದಾಣ

ಅದಾಗಿ ಸ್ವಲ್ಪ ದಿನಕ್ಕೆ, ಹಿಮ ಬೀಳುವ ಒಂದು ಮುಂಜಾನೆ, ಎಡಿತ್ ಕೋಟೂ ಇಲ್ಲದೆ ಆಸ್ಪತ್ರೆಯಿಂದ ಹೊರಬಿದ್ದಳು. ಮಧ್ಯಾಹ್ನದ ಮೇಲೆ ಸಿಕ್ಕಳು, ಊರ ನಿಲ್ದಾಣದ ಬೆಂಚಿನ ಮೇಲೆ. ಬೆಂಚಿನ ಅರ್ಧ ಭಾಗದ ಹಿಮವನ್ನು ಕೈಯಿಂದ ಒರೆಸಿ, ಪಕ್ಕದಲ್ಲಿ ಒಬ್ಬರಿಗೆ ಜಾಗ ಮಾಡಿಟ್ಟಿದ್ದಳಂತೆ. ಎತ್ತಿಕೊಂಡು ಬಂದ ಸಿಬ್ಬಂದಿಗೆ, “ಟಾಮ್ ಬರುತ್ತಾನೆಂದು ಇಂಡಿಯಾದ ಆ ಹೆಂಗಸು ಹೇಳಿದಳು” ಅಂದಳು. ಸಂಜೆಗೆ ಜ್ವರ ಏರಿ, ಎದೆಯಲ್ಲಿ ಕಫ ಕಟ್ಟಿತು.

ಮರುದಿನ ನನ್ನನ್ನು ಕರೆಸಿದರು. ಮೇಜಿನ ಆಚೆ ಮೇಲಿನ ಅಧಿಕಾರಿಗಳು, ಮೂಲೆಯಲ್ಲಿ ಪ್ರಿಚರ್ಡ್. ನಾನು ಎದ್ದು ನಿಂತು ಹೇಳಿದೆ, ನಾನು ಯಾವ ಮಾತನ್ನೂ ಕೊಡಲಿಲ್ಲ, ನಮ್ಮ ದೇಶದಲ್ಲಿ ಹೀಗೆ ತಲೆಯಾಡಿಸುವ ರೂಢಿಯಿದೆ, ಆಕೆ ಅದನ್ನು ಹೌದೆಂದು ತಿಳಿದಳು ಎಂದು. ಹೇಗೆಂದು ಕೇಳಿದರು. ಆಡಿಸಿ ತೋರಿಸಿದೆ. ಒಬ್ಬರ ತುಟಿಯಲ್ಲಿ ನಗು ಸುಳಿಯಿತು. ವಿದೇಶಿ ಹುಡುಗಿ, ರೂಢಿಯ ವ್ಯತ್ಯಾಸ, ದುರದೃಷ್ಟ ಎಂದು ಅವರು ಅಲ್ಲಿಗೆ ಬಿಟ್ಟರು. ನಾನು ಬಚಾವಾದೆ. ಬಾಗಿಲ ಹೊರಗೆ ಬಂದೆ.

ಪ್ರಿಚರ್ಡ್ ಹಿಂದೆಯೇ ಬಂದರು. “ನನ್ನ ಕೋಣೆಗೆ ಬನ್ನಿ” ಅಂದರು.

ಪ್ರಿಚರ್ಡರ ಕೋಣೆ

ಅವರು ಬೆಂಕಿಯ ಹತ್ತಿರದ ಕುರ್ಚಿ ನನಗೆ ಕೊಟ್ಟರು.

“ಆ ತಲೆಯಾಡಿಸುವುದಕ್ಕೆ ನಿಮ್ಮಲ್ಲಿ ಏನು ಅರ್ಥ?”

“ಹೌದು ಅಂತ ಆಗಬಹುದು. ಆಗಲಿ ಅಂತ ಆಗಬಹುದು. ನಿಮ್ಮ ಮಾತು ಕೇಳಿದೆ ಅಂತ ಅಷ್ಟೇ ಆಗಬಹುದು.”

“ಆ ದಿನ ಏನಾಗಿತ್ತು?”

ಬಾಯಿ ತೆರೆದೆ. ಇಂಗ್ಲಿಷಿನಲ್ಲಿ ಒಂದು ವಾಕ್ಯ ಶುರು ಮಾಡಿ ನಿಲ್ಲಿಸಿದೆ, ಇನ್ನೊಂದು ಶುರು ಮಾಡಿದೆ. ಎರಡೂ ಮೇಜಿನೆದುರು ಹೇಳಿದ ಮಾತಿನ ಹಾಗೆಯೇ ನುಣ್ಣಗಿದ್ದವು.

ಪ್ರಿಚರ್ಡ್ ಪೈಪು ತೆಗೆದು ಪಕ್ಕಕ್ಕಿಟ್ಟರು. “ನಾನು ವೇಲ್ಸಿನವನು. ಗೊತ್ತೇ? ಶಾಲೆಯಲ್ಲಿ ನನ್ನ ತಾಯಿಯ ಭಾಷೆ ಆಡಿದ್ದಕ್ಕೆ ಹೊಡೆತ ತಿಂದಿದ್ದೇನೆ. ಇವತ್ತಿಗೂ ಇಂಗ್ಲಿಷಿನಲ್ಲಿ ನಾನು ಬಹಳ ಜಾಣ, ಬಹಳ ಸಭ್ಯ. ನೀವು ನಿಮ್ಮ ಭಾಷೆಯಲ್ಲಿ ಹೇಳಿ.”

“ನಿಮಗೆ ತಿಳಿಯುವುದಿಲ್ಲ.”

“ನನಗೆ ತಿಳಿಯುವುದು ಈಗ ಮುಖ್ಯವಲ್ಲ.”

ಎಷ್ಟೋ ತಿಂಗಳಿಂದ ಕನ್ನಡದ ಒಂದು ಮಾತೂ ಆಡಿರಲಿಲ್ಲ. ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ, ಬೆಂಕಿಯನ್ನು ನೋಡುತ್ತಾ, “ನಮ್ಮ ಬಸೂ ಅದಾನಲ್ರೀ...” ಅಂದೆ. ಆಮೇಲೆ ನಿಲ್ಲಲಿಲ್ಲ. “ಅವ ಬರ್ತಾನ. ಬರಬೇಕು. ಬರಲಿಲ್ಲಂದ್ರ ನಮ್ಮವ್ವ ಹೆಂಗ ಬದಕ್ತಾಳ? ನಾನ ಹೆಂಗ ಹೇಳ್ಲಿ ಬರಂಗಿಲ್ಲ ಅಂತ? ಅವ್ವ ದಿನಾ ಗಂಗಾಳ ಒರಸಿ ಇಡ್ತಾಳ. ನಾ ನೋಡಿ ಸುಮ್ನ ಇರ್ತೀನಿ. ಎಲ್ಲಾರೂ ಸುಮ್ನ ಇರ್ತೀವಿ. ಅವ್ವಾ, ನಾ ಏನ್ ಮಾಡ್ಲಿ?”

ಅತ್ತೆ. ಬಸು ಹೋದ ಮೇಲೆ ಅದೇ ಮೊದಲು ಅತ್ತದ್ದು. ಮಾತಾಡುವ ಜನ ನಾವು ಅಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಈ ಒಂದು ವಿಷಯದಲ್ಲಿ ಯಾರೂ ಬಾಯಿಬಿಟ್ಟಿರಲಿಲ್ಲ.

ನಾನು ಕಣ್ಣೊರೆಸಿಕೊಂಡ ಮೇಲೆ ಪ್ರಿಚರ್ಡ್ ಒಂದೇ ಪ್ರಶ್ನೆ ಕೇಳಿದರು. “‘ಅವ್ವ’ ಎಂಬ ಶಬ್ದ ಮತ್ತೆ ಮತ್ತೆ ಬಂತು. ಯಾರು?”

“ನನ್ನ ತಾಯಿ.”

ಅವರು ತಲೆ ಬಗ್ಗಿಸಿದರು. ಆಮೇಲೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ, ಮುಂಡರಗಿ, ಗಡಿ, ಹೊಳೆ, ಎಲ್ಲ. ಕೇಳಿಯಾದ ಮೇಲೆ ಅವರು ಸಾಂತ್ವನ ಹೇಳಲಿಲ್ಲ.

“ಎಡಿತ್ ಕೇಳಿದಾಗ ನೀವು ನಿಮ್ಮ ತಾಯಿಗೆ ಉತ್ತರ ಕೊಟ್ಟಿರಿ. ಆ ಹೊತ್ತಿಗೆ ಎಡಿತ್ ಅಲ್ಲಿ ಒಬ್ಬಳೇ ಆದಳು. ನಿಮ್ಮ ದುಃಖ ಹೋಗಬೇಕು ಎಂದು ನಾನು ಹೇಳುವುದಿಲ್ಲ. ಅದು ಹೋಗುವುದೂ ಇಲ್ಲ. ಎದುರಿಗೆ ಕೂತವರು ಯಾರು ಎಂಬುದು ಮಾತ್ರ ನಿಮಗೆ ಗೊತ್ತಿರಬೇಕು. ಶುಕ್ರವಾರದ ಕೋಣೆ ಇರುವುದು ಅಷ್ಟಕ್ಕೇ.”

“ನನ್ನನ್ನು ಊರಿಗೆ ಕಳಿಸುತ್ತೀರಾ?”

“ಹೋಗಬೇಕೆನ್ನಿಸಿದರೆ ಹೋಗಿ. ಇರುವುದಾದರೆ ಆಕೆಯ ಹತ್ತಿರ ಮತ್ತೆ ಹೋಗಬೇಕಾಗುತ್ತದೆ. ಕಷ್ಟದ್ದು ಯಾವುದೆಂದು ನಿಮಗೇ ಗೊತ್ತು.”

ಆ ಶುಕ್ರವಾರ ದುಂಡಗೆ ಕೂತವರೆದುರು ನಾನೇ ಬಾಯಿಬಿಟ್ಟು ಹೇಳಿದೆ. ಮೇಜಿನೆದುರು ನಾನು ಕೊಟ್ಟ ಕಾರಣ ಸುಳ್ಳಲ್ಲ, ಆದರೆ ಪೂರ್ತಿ ಖರೆಯೂ ಅಲ್ಲ ಎಂದೆ. ಯಾರೂ ನಗಲಿಲ್ಲ. ಹೊರಗೆ ಬರುವಾಗ ಪೀಟರ್ ನನ್ನ ಕೋಟು ಹಿಡಿದುಕೊಂಡು ನಿಂತಿದ್ದ. ಅವರ ರೀತಿಯಲ್ಲಿ ಅದೇ ಕೊರಳು ತಬ್ಬಿದ ಹಾಗೆ ಎಂದು ಆ ಹೊತ್ತಿಗೆ ನನಗೆ ತಿಳಿಯುತ್ತಿತ್ತು.

ಗುಡ್ಡದ ಮೇಲೆ

ಜ್ವರದ ವಾರ್ಡಿಗೆ ಹೋದಾಗ ಎಡಿತ್ ದಿಂಬಿಗೆ ಒರಗಿದ್ದಳು. ಉಸಿರಿನಲ್ಲಿ ಸದ್ದಿತ್ತು. ನನ್ನನ್ನು ಕಂಡು ಮುಖ ಅರಳಿತು. ಅದನ್ನು ನೋಡಿ ನನಗೆ ಹಿಂತಿರುಗಿ ಓಡಬೇಕೆನ್ನಿಸಿತು.

“ಆ ದಿನ ಗಾಡಿ ತಡವಾಯಿತು” ಅಂದಳು. “ಮತ್ತೆ ಬರುತ್ತಾನಲ್ಲವೇ?”

ಕುತ್ತಿಗೆಯನ್ನು ನೆಟ್ಟಗೆ ಹಿಡಿದೆ. “ನನಗೆ ಗೊತ್ತಿಲ್ಲ, ಎಡಿತ್. ಅಂದು ಗೊತ್ತಿದ್ದವಳಂತೆ ಮಾಡಿದೆ, ಅದು ತಪ್ಪು. ಅವನು ಬರಲಿಕ್ಕಿಲ್ಲ ಅಂತ ನನಗೆ ಅನ್ನಿಸುತ್ತದೆ.”

“ನೀನೂ ಅವರಂತೆಯೇ” ಅಂದಳು. ಗೋಡೆಯ ಕಡೆ ಹೊರಳಿದಳು.

ಪುಸ್ತಕಗಳಲ್ಲಾದರೆ ಇಲ್ಲಿಂದ ಎಡಿತ್ ಅಳಬೇಕು, ಹಗುರಾಗಬೇಕು, ನನ್ನ ಕೈ ಹಿಡಿಯಬೇಕು. ಹಾಗೆ ಏನೂ ಆಗಲಿಲ್ಲ. ನಾನು ದಿನಾ ಹೋಗಿ ಹಾಸಿಗೆಯ ಪಕ್ಕದಲ್ಲಿ ಕೂತೆ. ಆಕೆ ದಿನಾ ಗೋಡೆ ನೋಡಿದಳು. ಬಸು ಕೂಡುತ್ತಿದ್ದ ಹಾಗೆಯೇ. ಮೊದಲು ಅದನ್ನು ನೋಡಿ ನನಗೆ ಬಸುವೇ ಕಾಣುತ್ತಿದ್ದ, ಅವನ ಬೆನ್ನು, ಅವನ ಕುತ್ತಿಗೆ. ಇದು ಎಡಿತ್, ಇದು ಎಡಿತ್ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಕೂಡುತ್ತಿದ್ದೆ. ನಿಧಾನವಾಗಿ ಎಡಿತ್ ಕಂಡಳು. ಆಕೆಯ ನರೆಗೂದಲು, ಕಿವಿಯ ಹಿಂದಿನ ಒಂದು ಮಚ್ಚೆ, ಕೆಮ್ಮುವ ಮೊದಲು ಭುಜ ಬಿಗಿಯುವುದು. ನೀರು ಬೇಕಾದಾಗ ಕೇಳದೆಯೇ ಕೊಡುವಷ್ಟು ಆಕೆಯನ್ನು ಬಲ್ಲವಳಾದೆ. ಆಕೆ ನೀರು ಕುಡಿಯುತ್ತಿದ್ದಳು, ಮಾತಾಡುತ್ತಿರಲಿಲ್ಲ. ಚಳಿ ಇನ್ನೂ ಬಿಟ್ಟಿರಲಿಲ್ಲ, ಆಕೆ ತೀರಿಕೊಂಡಳು. ಎದೆ ಮೊದಲೇ ಕೆಟ್ಟಿತ್ತು, ಗಿರಣಿಯ ಧೂಳು ಎಂದರು ಡಾಕ್ಟರು.

“ನನ್ನಿಂದಲೇ ಆಯಿತೇ?” ಎಂದು ಪ್ರಿಚರ್ಡರನ್ನು ಕೇಳಿದೆ.

“ನನಗೆ ಗೊತ್ತಿಲ್ಲ” ಅಂದರು ಅವರು. ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ.

ಹೂಳಲು ಬಂದವರು ಪಾದ್ರಿ, ಒಬ್ಬ ನರ್ಸು, ಪ್ರಿಚರ್ಡ್, ನಾನು. ನಮ್ಮಲ್ಲಿಯೂ ಹುಗಿಯುತ್ತೇವೆ, ಆದರೆ ಕೂಡ್ರಿಸಿ, ವಿಭೂತಿ ಹಚ್ಚಿ, ಮನೆಯ ಹಿರಿಯರನ್ನು ಜಗಲಿಯ ಮೇಲೆ ಕೂಡ್ರಿಸಿದ ಹಾಗೆ. ಅವರು ಎಡಿತಳನ್ನು ಮಲಗಿಸಿದರು. ಮಣ್ಣು ಹೆಪ್ಪುಗಟ್ಟಿ ಕಲ್ಲಾಗಿತ್ತು, ಪೆಟ್ಟಿಗೆಯ ಮೇಲೆ ಬಿದ್ದಾಗ ಸದ್ದು ಮಾಡಿತು. ಗಂಡಸರು ಟೊಪ್ಪಿಗೆ ತೆಗೆದರು, ಎಲ್ಲರೂ ಸುಮ್ಮನೆ ನಿಂತರು. ಅಳುವವರಿಲ್ಲದ ಆ ಮಣ್ಣಿನ ಕಾರ್ಯದಲ್ಲಿ ನಾನೇ ಅತ್ತೆ, ಓಣಿಯ ಹೆಂಗಸರಂತೆ, ಸದ್ದು ಮಾಡಿ. ಈ ಸಲ ಎಡಿತಳಿಗಾಗಿ. ಪಾದ್ರಿ ಆಕಾಶ ನೋಡಿದರು. ಪ್ರಿಚರ್ಡ್ ಮುಖ ತಿರುಗಿಸಲಿಲ್ಲ.

ಗದಗ

ತರಬೇತಿ ಮುಗಿಸಿ ಮುಂಬಯಿಗೆ ಬಂದಿಳಿದಾಗ ಅಕ್ಟೋಬರ್ ಮುಗಿಯುತ್ತಿತ್ತು. ಗದಗಿನ ನಿಲ್ದಾಣದ ತುಂಬ ತಳಿರು ತೋರಣ. ಮುಂಬಯಿ, ಹೈದರಾಬಾದು, ಮದ್ರಾಸು ಎಂದು ಹರಿದು ಹಂಚಿದ್ದ ಕನ್ನಡದ ಜಿಲ್ಲೆಗಳು ನವೆಂಬರ್ ಒಂದರಿಂದ ಮೈಸೂರಿನೊಂದಿಗೆ ಒಂದೇ ರಾಜ್ಯ. ಆ ದಿನ ಅಪ್ಪ ಹೊಸ ಧೋತರ ಉಟ್ಟು, ತಮ್ಮ ಅಂಗಡಿಯ ಮುಂದೆ ನಿಂತು ಹಾದಿಹೋಕರಿಗೆಲ್ಲ ಪೇಡೆ ಹಂಚಿದರು. ನಿಜಾಮರ ಸೀಮೆಯಲ್ಲಿದ್ದ ಕೊಪ್ಪಳದಿಂದ ಮುಂಡರಗಿಯ ಮೇಲೆ ಹಾದು ಜನ ಹಾಡುತ್ತಾ ಗಾಡಿ ಹೂಡಿಕೊಂಡು ಬಂದರು. ಅವರನ್ನು ತಡೆದು ನಿಲ್ಲಿಸುವವರು ಯಾರೂ ಇರಲಿಲ್ಲ. ಬಸು ಜೀವ ಕೈಯಲ್ಲಿ ಹಿಡಿದು ದಾಟುತ್ತಿದ್ದ ಗಡಿ ಅಳಿಸಿಹೋಗಿತ್ತು. ಮೆರವಣಿಗೆ ನಮ್ಮ ಓಣಿಗೆ ಬಂದಾಗ ನಾನು ಕಟ್ಟೆಯ ಮೇಲೆ ನಿಂತು ನೋಡಿದೆ. ಅವ್ವ ಹೊರಗೆ ಬರಲಿಲ್ಲ.

ಮರುದಿನ, ಅಪ್ಪ ಅಂಗಡಿಗೆ ಹೋದ ಮೇಲೆ, ಅವ್ವ ನನ್ನೆದುರು ಬಂದು ಕೂತಳು. ಒಂದು ವರ್ಷದಲ್ಲಿ ಸಣ್ಣವಳಾಗಿದ್ದಳು.

“ಕಲ್ತು ಬಂದಿ?”

“ಸ್ವಲ್ಪ ಕಲ್ತೀನವಾ.”

“ಹಂಗಾರ ಹೇಳು. ನಿನ್ನಿ ಎಲ್ಲಾರೂ ಬಂದ್ರು. ಕೊಪ್ಪಳದವ್ರು ಬಂದ್ರು, ರಾಯಚೂರಿನವ್ರು ಬಂದ್ರು. ಬಸೂ ಯಾವಾಗ ಬರ್ತಾನ?”

ನನ್ನೆದುರಿಗೆ ಕೂತವಳು ಎಡಿತ್ ಅಲ್ಲ. ಅದು ಗೊತ್ತಿತ್ತು. ರೋಗಿಯೂ ಅಲ್ಲ, ನಾನು ಆಕೆಗೆ ಡಾಕ್ಟರೂ ಅಲ್ಲ. ಪ್ರಿಚರ್ಡರ ಯಾವ ಪಾಠವೂ ಆ ಹೊತ್ತಿಗೆ ನೆನಪಾಗಲಿಲ್ಲ. ಅವ್ವನ ಮೊಣಕಾಲಿನ ಮೇಲೆ ಕೈಯಿಟ್ಟೆ.

“ಅವ್ವಾ, ನಂಗ ಗೊತ್ತಿಲ್ಲ. ಅವ ಬರಂಗಿಲ್ಲ ಅನಸ್ತೈತಿ.”

ಅವ್ವ ನನ್ನ ಕೈಯನ್ನು ಎತ್ತಿ ಪಕ್ಕಕ್ಕಿಟ್ಟಳು. “ಇದನ್ನ ಹೇಳಾಕ ಅಷ್ಟ್ ದೂರ ಹೋಗಬೇಕಾಗಿತ್ತೇನ?” ಎಂದು ಎದ್ದುಹೋದಳು.

ಆಮೇಲೆ ನನ್ನೊಂದಿಗೆ ಮಾತು ನಿಂತಿತು. ನನಗೆ ಬಡಿಸುವಾಗಲೂ ಮುಖ ನೋಡಲಿಲ್ಲ. ಅಪ್ಪ ನನ್ನನ್ನು ಹೊರಗೆ ಕರೆದು, “ಯಾಕವಾ, ಅಕಿ ಏನೋ ಒಂದು ನಂಬಿ ಇದ್ಲು, ಇರ್ಲಿ ಅಂತ ಬಿಡಬಾರದಾಗಿತ್ತ?” ಅಂದರು. ಬೈಯಲಿಲ್ಲ, ದಣಿದವರಂತೆ ಕೇಳಿದರು. ಗುಡ್ಡದ ಮೇಲಿನ ಹೆಪ್ಪುಗಟ್ಟಿದ ಮಣ್ಣಿನ ಸದ್ದು ಕಿವಿಯಲ್ಲಿತ್ತು. ಅವ್ವನೂ ಹಾಗೆಯೇ ಗೋಡೆಗೆ ಹೊರಳಿ ಹೋಗಿಬಿಟ್ಟರೆ ಎಂಬ ಹೆದರಿಕೆಯಲ್ಲಿ ಧಾರವಾಡಕ್ಕೆ ಹೋಗುವುದನ್ನು ಮುಂದೆ ಹಾಕಿದೆ. ಅವ್ವ ಎಲ್ಲಿ ಕೂತರೂ ಸ್ವಲ್ಪ ದೂರದಲ್ಲಿ ಹೋಗಿ ಕೂಡುತ್ತಿದ್ದೆ. ಬೇರೆ ಏನೂ ಮಾಡಲಿಲ್ಲ, ಮಾಡಲು ಗೊತ್ತಿರಲಿಲ್ಲ.

ಹಾಗೇ ಒಂದು ಮಧ್ಯಾಹ್ನ ಅವ್ವ ಹಿತ್ತಲಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ನಾನು ಎದುರಿಗೆ ಕೂತು ಕಲ್ಲು-ಹಳ್ಳು ಆರಿಸುತ್ತಿದ್ದೆ. ಬಿಸಿಲು ಬೆನ್ನಿಗೆ ಹಿತವಾಗಿತ್ತು. ಅವ್ವ ಮೊರ ಕೇರುವುದನ್ನು ನಿಲ್ಲಿಸಿದಳು. ನನ್ನ ಕಡೆ ನೋಡಲಿಲ್ಲ, ಮೊರದೊಳಗಿನ ಜೋಳವನ್ನೇ ನೋಡುತ್ತಾ ಅಂದಳು:

“ಬಸೂಗ ಬಿಸಿ ರೊಟ್ಟಿ ಅಂದ್ರ ಭಾಳ ಪ್ರೀತಿ ಇತ್ತು.”

ಐತಿ ಅನ್ನಲಿಲ್ಲ. ಇತ್ತು ಅಂದಳು. ತನ್ನ ಬಾಯಿಂದ ಬಂದ ಮಾತನ್ನು ತಾನೇ ಕೇಳಿಸಿಕೊಂಡಂತೆ ಒಂದು ಕ್ಷಣ ಹಾಗೇ ಕೂತಳು. ಆಮೇಲೆ ಮೊರ ಕೆಳಗಿಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಎದ್ದು ಹೋಗಿ ಪಕ್ಕದಲ್ಲಿ ಕೂತೆ. ಅವಳ ಸದ್ದು ಕೇಳಿ ಮೊದಲು ಪಕ್ಕದ ಮನೆಯವಳು ಬಂದಳು, ಆಮೇಲೆ ಎದುರು ಮನೆಯವಳು. ಯಾಕೆಂದು ಯಾರೂ ಕೇಳಲಿಲ್ಲ. ಬಂದವರು ಅವ್ವನ ಕೊರಳು ತಬ್ಬಿ ಅಳತೊಡಗಿದರು.